ನ್ಯಾಸ್‌ಗೆ ದೊಡ್ಡ ಹಾರ್ಡ್‌ಡಿಸ್ಕ್ ಜೋಡಿಸುತ್ತಿದ್ದೀರಾ? 'ಫಾರ್ಮ್ಯಾಟ್' ಒತ್ತುವ ಮುನ್ನ ಇದನ್ನು ಓದಿ

ಪುಣೆಯಲ್ಲಿರುವ ನಮ್ಮ ಚಿಕ್ಕಪ್ಪ ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿದ್ದರು. ಅವರ 4 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಮಗನ ಉಪನಯನ, ಅಜ್ಜಿಯ 80ನೇ ವರ್ಷದ ಸಮಾರಂಭ, ಹತ್ತಾರು ವರ್ಷಗಳ ಫೋಟೊ ಎಲ್ಲವೂ ಇದ್ದವು. ಮನೆಯವರೆಲ್ಲ ಟಿವಿಯಲ್ಲಿ ನೋಡಲಿ ಎಂದು ಅದನ್ನು ಮನೆಯ ಹಳೆಯ ನ್ಯಾಸ್ ಪೆಟ್ಟಿಗೆಗೆ ಚುಚ್ಚಿದ್ದರು. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು.

'ಮಾಡಲಾ?' ಎಂದು ಕೇಳಿದರು.

'ಬೇಡ ಚಿಕ್ಕಪ್ಪ, ಕ್ಯಾನ್ಸಲ್ ಒತ್ತಿ. ಡಿಸ್ಕ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ' ಎಂದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಫೋಲ್ಡರ್‌ಗಳೂ ಇದ್ದಂತೆಯೇ ಇದ್ದವು. ಡಿಸ್ಕ್ ಕೆಟ್ಟಿರಲಿಲ್ಲ. ಅದರ ಭಾಷೆ ನ್ಯಾಸ್‌ಗೆ ಗೊತ್ತಿರಲಿಲ್ಲ, ಅಷ್ಟೇ. ಅವರು 'ಓಕೆ' ಒತ್ತಿದ್ದರೆ ಆ ಡಿಸ್ಕ್ ಖಾಲಿ ಎಂದೇ ಲೆಕ್ಕ.

ದೊಡ್ಡ ಗಾತ್ರದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅನ್ನು ಮನೆಯ ನೆಟ್‌ವರ್ಕ್ ಸ್ಟೋರೇಜ್‌ಗೆ ಜೋಡಿಸುವಾಗ ಎದುರಾಗುವ ಅಡ್ಡಿಗಳು ಬಹುತೇಕ ಮೂರೇ: ಡಿಸ್ಕ್‌ನ ವಿಭಜನಾ ಪಟ್ಟಿ, ಫೈಲ್ ಸಿಸ್ಟಮ್ ಮತ್ತು ವಿದ್ಯುತ್. ಈ ಮೂರನ್ನೂ ಒಂದೊಂದಾಗಿ ನೋಡೋಣ. ಜೊತೆಗೆ ವೇಗ, ಸುರಕ್ಷತೆ ಮತ್ತು ಬ್ಯಾಕಪ್ ಬಗ್ಗೆಯೂ ತಿಳಿಯೋಣ.

ನ್ಯಾಸ್ ಎಂದರೇನು?

ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬುದರ ಸಂಕ್ಷಿಪ್ತ ರೂಪವೇ ನ್ಯಾಸ್. ಸರಳವಾಗಿ ಹೇಳಬೇಕೆಂದರೆ ಮನೆಯ ವೈಫೈಗೆ ಜೋಡಿಸಿದ ಹಾರ್ಡ್‌ಡಿಸ್ಕ್. ಅದರಲ್ಲಿರುವ ಫೈಲ್‌ಗಳನ್ನು ಮೊಬೈಲ್, ಲ್ಯಾಪ್‌ಟಾಪ್, ಟಿವಿ ಎಲ್ಲದರಿಂದಲೂ ತೆರೆಯಬಹುದು. ಗೂಗಲ್ ಫೋಟೋಸ್ ತನ್ನ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿದ ಮೇಲೆ, ಪ್ರತಿ ತಿಂಗಳು ಹಣ ಕಟ್ಟುವ ಬದಲು ಮನೆಯಲ್ಲೇ ಫೋಟೊ ಇಟ್ಟುಕೊಳ್ಳೋಣ ಎಂದುಕೊಳ್ಳುವವರಿಗೆ ಇದೂ ಒಂದು ದಾರಿ.

ಮನೆಗಳಲ್ಲಿ ಇದು ಮೂರು ರೂಪದಲ್ಲಿ ಸಿಗುತ್ತದೆ.

* ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಕಂಪನಿಗಳ ಪ್ರತ್ಯೇಕ ನ್ಯಾಸ್ ಪೆಟ್ಟಿಗೆ. ಒಳಗೆ ಒಂದು, ಎರಡು ಅಥವಾ ಹೆಚ್ಚು ಡಿಸ್ಕ್ ಕೂರಿಸಬಹುದು. ಹಿಂದೆ ಅಥವಾ ಮುಂದೆ ಯುಎಸ್‌ಬಿ ಕಿಂಡಿ ಇರುತ್ತದೆ.
* ಯುಎಸ್‌ಬಿ ಕಿಂಡಿ ಇರುವ ವೈಫೈ ರೂಟರ್. ಅದಕ್ಕೆ ಡಿಸ್ಕ್ ಚುಚ್ಚಿದರೆ ಅದೇ ಪುಟ್ಟ ನ್ಯಾಸ್.
* ರಾಸ್ಪ್‌ಬೆರಿ ಪೈನಂಥ ಕಿರು ಕಂಪ್ಯೂಟರ್‌ಗೆ ಓಪನ್‌ಮೀಡಿಯಾವಾಲ್ಟ್‌ನಂಥ ಉಚಿತ ತಂತ್ರಾಂಶ ಹಾಕಿ ಮಾಡಿಕೊಂಡದ್ದು.

ಮೂರಕ್ಕೂ ಸಾಮಾನ್ಯವಾದ ಒಂದು ಸಂಗತಿ ಇದೆ. ಇವುಗಳ ಒಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸ್ ಅಥವಾ ಅದರ ಬಳಗದ ವ್ಯವಸ್ಥೆ, ವಿಂಡೋಸ್ ಅಲ್ಲ. ವಿಂಡೋಸ್‌ನಲ್ಲಿ ಸಲೀಸಾಗಿ ತೆರೆದುಕೊಂಡ ಡಿಸ್ಕ್ ಇಲ್ಲಿ ತಕರಾರು ಮಾಡುವುದು ಇದೇ ಕಾರಣಕ್ಕೆ.

4 ಟಿಬಿ ಕೊಂಡರೆ 3.64 ಏಕೆ?

ಹೊಸ ಡಿಸ್ಕ್ ಹಾಕಿದ ಕೂಡಲೇ ಹಲವರಿಗೆ ಮೋಸ ಹೋದ ಭಾವನೆ ಬರುತ್ತದೆ. ಡಬ್ಬಿಯ ಮೇಲೆ 4 ಟಿಬಿ, ಪರದೆಯ ಮೇಲೆ 3.64. ಇದು ಮೋಸವಲ್ಲ, ಎರಡು ಬಗೆಯ ಲೆಕ್ಕ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 8 ಟಿಬಿ ಡಿಸ್ಕ್ ಸುಮಾರು 7.28 ಎಂದು ಕಾಣುತ್ತದೆ. ಇಷ್ಟು ವ್ಯತ್ಯಾಸ ಸಹಜ.

ಆದರೆ 3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸಿದರೆ ಅದು ಸಹಜವಲ್ಲ. ಅದು ಮೊದಲ ಅಡ್ಡಿಯ ಲಕ್ಷಣ.

ಮೊದಲ ಅಡ್ಡಿ: 2.2 ಟಿಬಿ ಗೋಡೆ

ಪ್ರತಿ ಡಿಸ್ಕ್‌ನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಭಾಗ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಪುಸ್ತಕದ ಪರಿವಿಡಿ ಇದ್ದ ಹಾಗೆ. ಹಳೆಯ ಕಾಲದ ಪರಿವಿಡಿಯ ಹೆಸರು ಎಂಬಿಆರ್, ಹೊಸದರ ಹೆಸರು ಜಿಪಿಟಿ. ಹೆಸರು ಒಂದೇ ಆದರೂ ಚಾಟ್‌ಜಿಪಿಟಿಗೂ ಇದಕ್ಕೂ ಸಂಬಂಧವಿಲ್ಲ.

ಡಿಸ್ಕ್‌ನ ಜಾಗವನ್ನು ಸೆಕ್ಟರ್ ಎಂಬ ಪುಟ್ಟ ತುಂಡುಗಳಲ್ಲಿ ಅಳೆಯುತ್ತಾರೆ. ಸಾಂಪ್ರದಾಯಿಕವಾಗಿ ಒಂದು ಸೆಕ್ಟರ್ ಎಂದರೆ 512 ಬೈಟ್. ಎಂಬಿಆರ್ ಸೆಕ್ಟರ್ ಸಂಖ್ಯೆ ಬರೆಯಲು ಇಟ್ಟಿರುವುದು 32 ಬಿಟ್ ಮಾತ್ರ. ಅಂದರೆ ಸುಮಾರು 429 ಕೋಟಿ ಸೆಕ್ಟರ್‌ಗಳನ್ನು ಮಾತ್ರ ಎಣಿಸಬಲ್ಲದು. ಅದನ್ನು 512ರಿಂದ ಗುಣಿಸಿದರೆ ಸುಮಾರು 2.2 ಟಿಬಿ. ಅದಕ್ಕಿಂತ ಆಚೆಗಿನ ಜಾಗ ಅದರ ಲೆಕ್ಕಕ್ಕೇ ಸಿಗುವುದಿಲ್ಲ.

ಹಳೆಯ ನ್ಯಾಸ್ ಅಥವಾ ರೂಟರ್ ಈ ಮಿತಿಯನ್ನು ದಾಟಲಾರದಿದ್ದರೆ ಎರಡರಲ್ಲಿ ಒಂದು ನಡೆಯುತ್ತದೆ. 2 ಟಿಬಿಯಷ್ಟೇ ಕಾಣಬಹುದು. ಇಲ್ಲವೇ ಲೆಕ್ಕ ಸೊನ್ನೆಗೆ ಮರಳಿ ಉಳಿದ ಚೂರು ಮಾತ್ರ ಕಾಣಬಹುದು. 3 ಟಿಬಿಯಲ್ಲಿ 2.2 ಕಳೆದರೆ ಉಳಿಯುವುದು 0.8 ಟಿಬಿ, ವಿಂಡೋಸ್ ಲೆಕ್ಕದಲ್ಲಿ ಅದೇ 746 ಜಿಬಿ. ಹೀಗೆ ತಪ್ಪು ಗಾತ್ರ ಕಂಡರೆ ಆ ಡಿಸ್ಕ್‌ಗೆ ಒಂದು ಫೈಲ್ ಕೂಡ ಬರೆಯಬೇಡಿ. ತಪ್ಪು ಲೆಕ್ಕದಲ್ಲಿ ಬರೆದರೆ ಹಳೆಯ ಫೈಲ್‌ಗಳ ಮೇಲೆಯೇ ಬರೆದುಬಿಡುವ ಅಪಾಯವಿದೆ.

ಹಾಗಾದರೆ ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರ್‌ಗಳಲ್ಲಿ ಕೆಲವು 3 ಟಿಬಿ ಡಿಸ್ಕ್‌ಗಳು ಹೇಗೆ ನಡೆದವು? ಕೆಲವು ತಯಾರಕರು ಡಿಸ್ಕ್‌ನ ಕೇಸ್ ಒಳಗಿನ ಯುಎಸ್‌ಬಿ ಚಿಪ್‌ನಲ್ಲಿ ಒಂದು ಉಪಾಯ ಮಾಡಿದ್ದರು. ಸೆಕ್ಟರ್ ಒಂದಕ್ಕೆ 512 ಬದಲು 4,096 ಬೈಟ್ ಎಂದು ಕಂಪ್ಯೂಟರ್‌ಗೆ ತೋರಿಸಿದರು. ಆಗ ಹಳೆಯ ಎಂಬಿಆರ್ ಕೂಡ ಸುಮಾರು 17.6 ಟಿಬಿವರೆಗೆ ಎಣಿಸಬಲ್ಲದು. ಉಪಾಯ ಚೆನ್ನಾಗಿತ್ತು, ಆದರೆ ಅದರ ಬಿಸಿ ಈಗ ತಟ್ಟುತ್ತದೆ. ಅಂಥ ಡಿಸ್ಕ್ ಅನ್ನು ಕೇಸ್‌ನಿಂದ ಬಿಚ್ಚಿ ನೇರವಾಗಿ ನ್ಯಾಸ್ ಒಳಗೆ ಕೂರಿಸಿದರೆ ಸೆಕ್ಟರ್ ಮತ್ತೆ 512 ಆಗುತ್ತದೆ, ಪರಿವಿಡಿಯ ಲೆಕ್ಕವೆಲ್ಲ ತಪ್ಪಾಗುತ್ತದೆ, ಡಿಸ್ಕ್ ಖಾಲಿ ಎಂಬಂತೆ ಕಾಣುತ್ತದೆ. ಮತ್ತೆ ಅದೇ ಕೇಸ್‌ಗೆ ಹಾಕಿದರೆ ಎಲ್ಲವೂ ವಾಪಸ್ ಬರುತ್ತದೆ, ನಡುವೆ ಯಾರೂ ಫಾರ್ಮ್ಯಾಟ್ ಮಾಡದಿದ್ದರೆ!

*ಪರೀಕ್ಷಿಸುವುದು ಹೇಗೆ?* ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಸಾಲಿನಲ್ಲಿ ಡಿಸ್ಕ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ವಾಲ್ಯೂಮ್ಸ್ ಎಂಬ ಪುಟದಲ್ಲಿ ಪಾರ್ಟಿಶನ್ ಸ್ಟೈಲ್ ಎಂಬ ಸಾಲು ಇರುತ್ತದೆ. ಅಲ್ಲಿ ಎಂಬಿಆರ್ ಅಥವಾ ಜಿಪಿಟಿ ಎಂದು ಬರೆದಿರುತ್ತದೆ. ಎಂಬಿಆರ್‌ನಿಂದ ಜಿಪಿಟಿಗೆ ಇಲ್ಲಿಯೇ ಬದಲಿಸಬೇಕೆಂದರೆ ಡಿಸ್ಕ್‌ನಲ್ಲಿರುವ ಎಲ್ಲ ಭಾಗಗಳನ್ನೂ ಅಳಿಸಬೇಕಾಗುತ್ತದೆ. ಆದ್ದರಿಂದ ಮೊದಲು ಡೇಟಾವನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ, ಆಮೇಲೆ ಬದಲಿಸಿ.

ಎರಡನೇ ಅಡ್ಡಿ: ಫೈಲ್ ಸಿಸ್ಟಮ್

ಪರಿವಿಡಿ ಸರಿಯಿದ್ದರೆ ಸಾಲದು, ಪುಸ್ತಕ ಯಾವ ಲಿಪಿಯಲ್ಲಿದೆ ಎಂಬುದೂ ಮುಖ್ಯ. ಆ ಲಿಪಿಯೇ ಫೈಲ್ ಸಿಸ್ಟಮ್. ಮನೆಬಳಕೆಯಲ್ಲಿ ಎದುರಾಗುವ ಮುಖ್ಯವಾದವು ಇವು:

* ಫ್ಯಾಟ್32: ಹಳೆಯದು, ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಮದುವೆಯ ವಿಡಿಯೊ ಒಂದೇ ಫೈಲ್‌ನಲ್ಲಿದ್ದರೆ ಅದು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ದೊಡ್ಡ ಡಿಸ್ಕ್‌ಗೆ ಇದು ಸಲ್ಲದು.
* ಎಕ್ಸ್‌ಫ್ಯಾಟ್: ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಬಹುದು, ಬರೆಯಬಹುದು. ಮೈಕ್ರೋಸಾಫ್ಟ್ ಇದರ ತಾಂತ್ರಿಕ ವಿವರಗಳನ್ನು ಬಹಿರಂಗಪಡಿಸಿದ್ದು 2019ರಲ್ಲಿ. ಲಿನಕ್ಸ್ ತಿರುಳಿಗೆ ಇದು ಸೇರಿದ್ದು ಆಮೇಲೆಯೇ. ಹಾಗಾಗಿ ಹಳೆಯ ನ್ಯಾಸ್‌ಗಳಲ್ಲಿ ಇದು ನಡೆಯದಿರುವುದು, ನಡೆದರೂ ಪ್ರತ್ಯೇಕ ತಂತ್ರಾಂಶ ಬೇಕಾಗುವುದು ಉಂಟು. ಚಿಕ್ಕಪ್ಪನ ಡಿಸ್ಕ್‌ನ ಸಮಸ್ಯೆ ಇದೇ ಆಗಿತ್ತು.
* ಎನ್‌ಟಿಎಫ್‌ಎಸ್: ವಿಂಡೋಸ್‌ನ ಸ್ವಂತದ್ದು. ಹೆಚ್ಚಿನ ನ್ಯಾಸ್‌ಗಳು ಓದುತ್ತವೆ. ಬರೆಯುವುದು ಮಾದರಿಯನ್ನು ಅವಲಂಬಿಸಿರುತ್ತದೆ. ಮ್ಯಾಕ್ ಇದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ.
* ಎಚ್‌ಎಫ್‌ಎಸ್ ಪ್ಲಸ್, ಎಪಿಎಫ್‌ಎಸ್: ಆ್ಯಪಲ್‌ನವು. ಮೊದಲನೆಯದು ಕೆಲವು ನ್ಯಾಸ್‌ಗಳಲ್ಲಿ ನಡೆಯುತ್ತದೆ. ಎರಡನೆಯದರ ಮೇಲೆ ಭರವಸೆ ಇಡಬೇಡಿ.
* ಇಎಕ್ಸ್‌ಟಿ4: ಲಿನಕ್ಸ್‌ನ ಸ್ವಂತದ್ದು. ನ್ಯಾಸ್‌ಗೆ ಅತ್ಯಂತ ಹೊಂದುವಂಥದ್ದು. ಆದರೆ ಆ ಡಿಸ್ಕ್ ಅನ್ನು ಆಮೇಲೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಅದಕ್ಕೆ ಅರ್ಥವಾಗುವುದಿಲ್ಲ.

ಕೊನೆಯ ಮಾತನ್ನು ವಿಶೇಷವಾಗಿ ನೆನಪಿಡಿ. ನ್ಯಾಸ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಡಿಸ್ಕ್ ಅನ್ನು ವಿಂಡೋಸ್‌ಗೆ ಹಾಕಿದಾಗಲೂ 'ಫಾರ್ಮ್ಯಾಟ್ ಮಾಡಬೇಕೆ' ಅಥವಾ 'ಇನಿಶಿಯಲೈಸ್ ಮಾಡಬೇಕೆ' ಎಂಬ ಪ್ರಶ್ನೆ ಬರಬಹುದು. ಅಂದರೆ ಅಪಾಯ ಎರಡೂ ಕಡೆ ಇದೆ. ಎರಡೂ ಕಡೆ ಉತ್ತರ ಒಂದೇ: ಕ್ಯಾನ್ಸಲ್.

ಯಾವುದನ್ನು ಆರಿಸಬೇಕು? ಡಿಸ್ಕ್ ಸದಾ ನ್ಯಾಸ್‌ಗೇ ಅಂಟಿಕೊಂಡಿರುತ್ತದೆ ಎಂದಾದರೆ ಇಎಕ್ಸ್‌ಟಿ4 ಒಳ್ಳೆಯದು. ಆಗಾಗ ತೆಗೆದು ಲ್ಯಾಪ್‌ಟಾಪ್‌ಗೂ ಹಾಕುತ್ತೀರಿ ಎಂದಾದರೆ, ನಿಮ್ಮ ನ್ಯಾಸ್ ಬರೆಯಲು ಬೆಂಬಲಿಸುವುದಾದರೆ ಎನ್‌ಟಿಎಫ್‌ಎಸ್ ಇರಲಿ. ಈ ಎರಡಕ್ಕೂ ಜರ್ನಲ್ ಎಂಬ ದಿನಚರಿ ಇರುತ್ತದೆ. ನಡುವೆ ಕರೆಂಟ್ ಹೋದರೆ ಎಲ್ಲಿ ನಿಂತಿತ್ತು ಎಂಬುದನ್ನು ಅದರಿಂದ ತಿಳಿದು ಸರಿಪಡಿಸಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್ ಮತ್ತು ಫ್ಯಾಟ್32ಗೆ ಈ ಸೌಲಭ್ಯವಿಲ್ಲ.

ಮೂರನೇ ಅಡ್ಡಿ: ವಿದ್ಯುತ್

ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್, ಯುಎಸ್‌ಬಿ 3.0 ಆದರೆ 900 ಮಿಲಿಆಂಪ್. ಅಂದರೆ 2.5 ವ್ಯಾಟ್ ಮತ್ತು 4.5 ವ್ಯಾಟ್. ಅಂಗೈಯಲ್ಲಿ ಹಿಡಿಯುವ 2.5 ಇಂಚಿನ ಪೋರ್ಟಬಲ್ ಡಿಸ್ಕ್‌ಗಳು ಇದೇ ವಿದ್ಯುತ್‌ನಲ್ಲಿ ನಡೆಯುತ್ತವೆ. ಆದರೆ ಒಳಗಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಅವು ಹೆಚ್ಚು ಎಳೆಯುತ್ತವೆ. ರೂಟರ್‌ನ ಕಿಂಡಿಗೆ ಆ ಶಕ್ತಿ ಇಲ್ಲದಿದ್ದರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಕಾಣಿಸಿಕೊಂಡು ಮಾಯವಾಗುತ್ತದೆ. ಡಿಸ್ಕ್ ಕೆಟ್ಟಿತು ಎಂದು ಗಾಬರಿಯಾಗುವ ಮುನ್ನ ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಅಲ್ಲಿ ಸದ್ದಿಲ್ಲದೆ ನಡೆದರೆ ದೋಷ ವಿದ್ಯುತ್‌ನದ್ದು. ಅಲ್ಲಿಯೂ ಟಿಕ್ ಟಿಕ್ ಮುಂದುವರಿದರೆ ತಕ್ಷಣ ಆಫ್ ಮಾಡಿ, ಡೇಟಾ ಮುಖ್ಯವಾಗಿದ್ದರೆ ತಜ್ಞರ ಬಳಿ ಒಯ್ಯಿರಿ.

ರಾಸ್ಪ್‌ಬೆರಿ ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡುವುದು ಒಟ್ಟು 1.2 ಆಂಪ್ ಮಾತ್ರ. ಎರಡು ಡಿಸ್ಕ್ ಹಾಕಿದರೆ ಎರಡೂ ತಡವರಿಸುವುದು ಅದಕ್ಕೇ. ಇದಕ್ಕೆ ಪರಿಹಾರ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್.

ಹೆಚ್ಚು ಟಿಬಿಯ ದೊಡ್ಡ ಡಿಸ್ಕ್‌ಗಳು 3.5 ಇಂಚಿನವು. ಅವುಗಳಿಗೆ 12 ವೋಲ್ಟ್ ಬೇಕು, ಅಡಾಪ್ಟರ್ ಜೊತೆಯಲ್ಲೇ ಬರುತ್ತದೆ. ಇಲ್ಲಿ ಎರಡು ಎಚ್ಚರ. ಒಂದು, ರೂಟರ್, ಡಿಸ್ಕ್, ಸೆಟ್‌ಟಾಪ್ ಬಾಕ್ಸ್‌ಗಳ ಅಡಾಪ್ಟರ್ ಪಿನ್ ಒಂದೇ ಗಾತ್ರದ್ದಿರಬಹುದು, ಆದರೆ ವೋಲ್ಟ್ ಬೇರೆ ಇರಬಹುದು. ತಪ್ಪು ಪಿನ್ ಚುಚ್ಚಿದರೆ ಡಿಸ್ಕ್ ಸುಡಬಹುದು. ಪ್ರತಿ ಅಡಾಪ್ಟರ್ ಮೇಲೆ ಚೀಟಿ ಅಂಟಿಸಿ. ಎರಡು, ಹಲವರು ನ್ಯಾಸ್ ಪೆಟ್ಟಿಗೆಯನ್ನು ಯುಪಿಎಸ್‌ಗೆ ಹಾಕಿ, ಪಕ್ಕದ ಡಿಸ್ಕ್‌ನ ಅಡಾಪ್ಟರ್ ಅನ್ನು ಗೋಡೆಯ ಸಾಕೆಟ್‌ಗೆ ಹಾಕಿರುತ್ತಾರೆ. ಕರೆಂಟ್ ಹೋದಾಗ ನ್ಯಾಸ್ ಉಳಿಯುತ್ತದೆ, ಡಿಸ್ಕ್ ನಡುವೆಯೇ ಸಾಯುತ್ತದೆ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ.

ನಕಲು ಮಾಡಲು ಎಷ್ಟು ಹೊತ್ತು?

ವೇಗವನ್ನು ನಿರ್ಧರಿಸುವುದು ದಾರಿಯಲ್ಲಿರುವ ಅತಿ ಕಿರಿದಾದ ಕೊಳವೆ. 4 ಟಿಬಿ ಡೇಟಾಕ್ಕೆ ಅಂದಾಜು ಲೆಕ್ಕ ಹೀಗಿದೆ:

* 100 ಎಂಬಿಪಿಎಸ್ ಲ್ಯಾನ್ ಕಿಂಡಿ, ಸೆಕೆಂಡಿಗೆ ಸುಮಾರು 11 ಎಂಬಿ: ನಾಲ್ಕು ದಿನಕ್ಕೂ ಹೆಚ್ಚು
* ಯುಎಸ್‌ಬಿ 2.0, ಸೆಕೆಂಡಿಗೆ ಸುಮಾರು 35 ಎಂಬಿ: 32 ಗಂಟೆ
* ಗಿಗಾಬಿಟ್ ಲ್ಯಾನ್, ಸೆಕೆಂಡಿಗೆ ಸುಮಾರು 110 ಎಂಬಿ: 10 ಗಂಟೆ

ಸಾವಿರಾರು ಪುಟ್ಟ ಫೋಟೊಗಳಿದ್ದರೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ವೈಫೈ ಮೂಲಕ ಲ್ಯಾಪ್‌ಟಾಪ್‌ನಿಂದ ಎಳೆಯುತ್ತ ಕೂರುವ ಬದಲು ಡಿಸ್ಕ್ ಅನ್ನು ನ್ಯಾಸ್‌ನ ಯುಎಸ್‌ಬಿ 3.0 ಕಿಂಡಿಗೆ ಹಾಕಿ, ನ್ಯಾಸ್‌ನಲ್ಲೇ ಇರುವ ನಕಲು ಸೌಲಭ್ಯ ಬಳಸಿ. ಆಗ ಫೈಲ್‌ಗಳು ನೆಟ್‌ವರ್ಕ್‌ಗೆ ಬರುವುದೇ ಇಲ್ಲ. ಸಿನಾಲಜಿಯಲ್ಲಿ ಯುಎಸ್‌ಬಿ ಕಾಪಿ, ಕ್ಯೂನ್ಯಾಪ್‌ನಲ್ಲಿ ಹೈಬ್ರಿಡ್ ಬ್ಯಾಕಪ್ ಸಿಂಕ್ ಎಂಬ ತಂತ್ರಾಂಶಗಳು ಇಂಥ ಕೆಲಸಕ್ಕೇ ಇವೆ.

ಜೋಡಿಸುವ ಕ್ರಮ

1. ಮೊದಲು ಡಿಸ್ಕ್ ಅನ್ನು ಲ್ಯಾಪ್‌ಟಾಪ್‌ಗೆ ಹಾಕಿ. ಫೈಲ್‌ಗಳು ತೆರೆಯುತ್ತವೆಯೇ ನೋಡಿ. ಪಾರ್ಟಿಶನ್ ಸ್ಟೈಲ್ ಮತ್ತು ಫೈಲ್ ಸಿಸ್ಟಮ್ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದಿಡಿ.
2. ನಿಮ್ಮ ನ್ಯಾಸ್ ಅಥವಾ ರೂಟರ್ ಮಾದರಿ ಎಷ್ಟು ಟಿಬಿವರೆಗೆ, ಯಾವ ಫೈಲ್ ಸಿಸ್ಟಮ್ ಬೆಂಬಲಿಸುತ್ತದೆ ಎಂದು ತಯಾರಕರ ಪುಟದಲ್ಲಿ ನೋಡಿ. ತಂತ್ರಾಂಶವನ್ನು ಅಪ್‌ಡೇಟ್ ಮಾಡಿ.
3. ಡಿಸ್ಕ್‌ನಲ್ಲಿರುವುದು ಬೇರೆಲ್ಲೂ ಇಲ್ಲ ಎಂದಾದರೆ ಇಲ್ಲಿಯೇ ನಿಲ್ಲಿ. ಮೊದಲು ಇನ್ನೊಂದು ನಕಲು ಮಾಡಿ.
4. ಡಿಸ್ಕ್‌ಗೆ ಅಡಾಪ್ಟರ್ ಇದ್ದರೆ ಅದನ್ನು ಮೊದಲು ಆನ್ ಮಾಡಿ, ಆಮೇಲೆ ಯುಎಸ್‌ಬಿ ಚುಚ್ಚಿ.
5. ನ್ಯಾಸ್‌ನ ಆಡಳಿತ ಪುಟದಲ್ಲಿ ಡಿಸ್ಕ್‌ನ ಗಾತ್ರ ಸರಿಯಾಗಿ ಕಾಣುತ್ತಿದೆಯೇ ನೋಡಿ. ತಪ್ಪಿದ್ದರೆ ತೆಗೆಯಿರಿ.
6. ಸರಿಯಿದ್ದರೆ ಆ ಫೋಲ್ಡರ್‌ಗೆ ಪಾಸ್‌ವರ್ಡ್ ಇಡಿ. ಹಲವು ರೂಟರ್‌ಗಳಲ್ಲಿ ವೈಫೈಗೆ ಬಂದ ಅತಿಥಿಗೂ ಅದು ತೆರೆದೇ ಇರುತ್ತದೆ.
7. ತೆಗೆಯುವಾಗ ನ್ಯಾಸ್ ಪುಟದಲ್ಲಿ 'ಇಜೆಕ್ಟ್' ಒತ್ತಿ, ನಂತರವೇ ಕೇಬಲ್ ಎಳೆಯಿರಿ.

ಒಂದು ಸ್ಪಷ್ಟನೆ. ಯುಎಸ್‌ಬಿಗೆ ಹಾಕಿದ ಸಾಮಾನ್ಯ ಡಿಸ್ಕ್ ನ್ಯಾಸ್‌ನ ಒಳಗಿನ ಡಿಸ್ಕ್‌ಗಳ ಜೊತೆ ಬೆರೆಯುವುದಿಲ್ಲ. ಅದು ಬೇರೆ ಫೋಲ್ಡರ್ ಆಗಿಯೇ ಕಾಣುತ್ತದೆ. ಒಳಗಿನ ಡಿಸ್ಕ್‌ಗಳಿಗೆ ರೇಡ್ ರಕ್ಷಣೆ ಇದ್ದರೂ ಅದು ಹೊರಗಿನದಕ್ಕೆ ಅನ್ವಯಿಸುವುದಿಲ್ಲ.

ನ್ಯಾಸ್‌ಗೆ ಕಂಡರೂ ಲ್ಯಾಪ್‌ಟಾಪ್‌ಗೆ ಕಾಣುತ್ತಿಲ್ಲವೇ?

ಹಳೆಯ ರೂಟರ್‌ಗಳು ಫೈಲ್ ಹಂಚಲು ಎಸ್‌ಎಂಬಿ1 ಎಂಬ ಹಳೆಯ ವಿಧಾನ ಬಳಸುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಕಾಡಿದ ವಾನ್ನಾಕ್ರೈ ದಾಳಿ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ1ರಲ್ಲಿದ್ದ ಲೋಪದ ಮೂಲಕವೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ರೂಟರ್‌ಗೆ ಹಾಕಿದ ಡಿಸ್ಕ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಾಣದಿರಲು ಇದು ಕಾರಣವಿರಬಹುದು. ಎಸ್‌ಎಂಬಿ1 ಮತ್ತೆ ಆನ್ ಮಾಡಿ ಎಂಬ ಸಲಹೆ ಸಿಕ್ಕರೆ ಪಾಲಿಸಬೇಡಿ. ರೂಟರ್ ಅಪ್‌ಡೇಟ್ ಮಾಡಿ, ಆಗದಿದ್ದರೆ ರೂಟರ್ ಬದಲಿಸುವುದೇ ಲೇಸು.

ಇಂಟರ್ನೆಟ್‌ಗೆ ಬಾಗಿಲು ತೆರೆದಿಡಬೇಡಿ

ಆಫೀಸ್‌ನಿಂದಲೂ ಮನೆಯ ಡಿಸ್ಕ್ ನೋಡಬೇಕು ಎಂಬ ಆಸೆ ಸಹಜ. ಆದರೆ ಅದಕ್ಕಾಗಿ ರೂಟರ್‌ನಲ್ಲಿ ನೇರ ದಾರಿ ತೆರೆಯುವುದು ಅಪಾಯ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಸಾಧನಕ್ಕೆ 2015ರ ನಂತರ ಅಪ್‌ಡೇಟ್ ಬಂದಿರಲಿಲ್ಲ. 2021ರ ಜೂನ್‌ನಲ್ಲಿ ಹಲವು ದೇಶಗಳ ಬಳಕೆದಾರರು ತಮ್ಮ ಸಾಧನ ಇದ್ದಕ್ಕಿದ್ದಂತೆ ಖಾಲಿಯಾದದ್ದನ್ನು ಕಂಡರು. ದೂರದಿಂದಲೇ ಯಾರೋ ಅಳಿಸಿದ್ದರು. ಇಂಟರ್ನೆಟ್ ಸಂಪರ್ಕ ಕಿತ್ತುಹಾಕಿ ಎಂದು ಕಂಪನಿಯೇ ಹೇಳಬೇಕಾಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಸಾಧನಗಳ ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಹೊರಗಿನಿಂದ ನೋಡಲೇಬೇಕಿದ್ದರೆ ವಿಪಿಎನ್ ಬಳಸಿ, ತಂತ್ರಾಂಶ ಅಪ್‌ಡೇಟ್ ಇರಲಿ.

ಜೋಡಿಸಿದ ಮಾತ್ರಕ್ಕೆ ಬ್ಯಾಕಪ್ ಆಗದು

ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲವೆಂದು ಫೋಟೊಗಳನ್ನು ನ್ಯಾಸ್‌ನ ಡಿಸ್ಕ್‌ಗೆ 'ಸ್ಥಳಾಂತರಿಸಿ' ಮೂಲವನ್ನು ಅಳಿಸಿದರೆ ಇರುವುದು ಒಂದೇ ಪ್ರತಿ. ಅದು ಬ್ಯಾಕಪ್ ಅಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇಂದಿಗೂ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಮನೆಯಿಂದ ಹೊರಗೆ.

ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆಸಿರುವ ನಮಗೆ ಈ ಕೊನೆಯ ಷರತ್ತು ಕಷ್ಟವೇನಲ್ಲ. ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದನ್ನು ವಾರಕ್ಕೊಮ್ಮೆ ನ್ಯಾಸ್‌ಗೆ ಚುಚ್ಚಿ ನಕಲು ಮಾಡಿ, ಮುಗಿದ ಮೇಲೆ ತೆಗೆದು ಬೀರುವಿನಲ್ಲಿಡಿ. ಸದಾ ಚುಚ್ಚಿಯೇ ಇಟ್ಟರೆ ನ್ಯಾಸ್‌ಗೆ ಬಂದ ವೈರಸ್ ಅದಕ್ಕೂ ತಲುಪುತ್ತದೆ. ಇನ್ನೊಂದು ಊರಿನ ಮನೆಯಲ್ಲಿರಲಿ. ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿ. ಊರಲ್ಲಿರುವ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಅದು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಲಿ.

ಮರೆಯಬೇಡಿ

* 'ಫಾರ್ಮ್ಯಾಟ್', 'ಇನಿಶಿಯಲೈಸ್' ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ, ಇನ್ನೊಂದು ಸಾಧನದಲ್ಲಿ ಪರೀಕ್ಷಿಸಿ.
* 2.2 ಟಿಬಿ ಮೀರಿದ ಡಿಸ್ಕ್‌ಗೆ ಜಿಪಿಟಿ ಇರಲಿ.
* ಗಾತ್ರ ತಪ್ಪಾಗಿ ಕಂಡರೆ ಏನನ್ನೂ ಬರೆಯಬೇಡಿ.
* ಕೇಸ್ ಬಿಚ್ಚಬೇಡಿ. ಸೆಕ್ಟರ್ ಲೆಕ್ಕ ತಪ್ಪುವುದಲ್ಲದೆ, ಕೆಲವು ಡಿಸ್ಕ್‌ಗಳ ಗೂಢಲಿಪಿಯ ಕೀಲಿ ಕೇಸ್‌ನ ಚಿಪ್‌ನಲ್ಲೇ ಇರುತ್ತದೆ.
* ಡಿಸ್ಕ್ ಮತ್ತು ನ್ಯಾಸ್ ಒಂದೇ ಯುಪಿಎಸ್‌ನಲ್ಲಿರಲಿ.

ಚಿಕ್ಕಪ್ಪ ಮುಂದಿನ ವಾರವೇ ಇನ್ನೊಂದು ಡಿಸ್ಕ್ ಕೊಂಡರು. ಹಳೆಯದರಲ್ಲಿದ್ದ ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಫೋಟೊಗಳು ತೆರೆಯುತ್ತವೆಯೇ ಎಂದು ಅಲ್ಲೊಂದು ಇಲ್ಲೊಂದು ನೋಡಿ, ಆಮೇಲೆ ಹೊಸದನ್ನು ಧಾರವಾಡಕ್ಕೆ ಕಳಿಸಿದರು. ಅದೀಗ ಅಜ್ಜಿಯ ಕಪಾಟಿನಲ್ಲಿದೆ. ಹಳೆಯ ಡಿಸ್ಕ್ ಅನ್ನು ಮಾತ್ರ ಧೈರ್ಯವಾಗಿ ನ್ಯಾಸ್‌ಗೆ ಚುಚ್ಚಿ 'ಫಾರ್ಮ್ಯಾಟ್' ಒತ್ತಿದರು. ಆ ಬಟನ್ ಒತ್ತಲು ಸರಿಯಾದ ಸಮಯ ಅದೇ.